ಸುಣ್ಣಕ್ಕೆ ಉಪ್ಪು ತಂದುಕೊಟ್ಟವನು ನಾನೇ

ನನ್ನ ನೆನಪಿನಲ್ಲಿ ಆ ಆಕಳು ಬಿಳಿ. ಕೆಂದು ಅನ್ನುತ್ತಾಳೆ ಹೆಂಡತಿ. ಅವಳ ತವರು ಗುಡೇಕೋಟೆಯಿಂದ ಅವಳ ಹಿಂದೆಯೇ ಬಂದ ಆಕಳು. ಬಣ್ಣದ ವಿಷಯದಲ್ಲಿ ಅವಳನ್ನೇ ನಂಬಬೇಕು. ನನಗೆ ಬಿಳಿ ಅನ್ನಿಸುವುದಕ್ಕೆ ಕಾರಣ, ಅದರ ಮೂತಿಗೆ ಸದಾ ಮೆತ್ತಿರುತ್ತಿದ್ದ ಸುಣ್ಣ ಇರಬಹುದು.

ಸುಣ್ಣ ನಮ್ಮದಲ್ಲ, ಪಕ್ಕದ ಮನೆಯ ಸಾಬರದು. ಎಪ್ಪತ್ತರ ದಶಕದ ಕೊನೆ. ಕೂಡ್ಲಿಗಿಯಲ್ಲಿ ನಾನು ಶಾಲೆಯ ಮೇಷ್ಟ್ರು, ಅವರದು ಸೈಕಲ್ ರಿಪೇರಿ ಅಂಗಡಿ. ಹಗಲೆಲ್ಲ ಗುಡ್ಡದಲ್ಲಿ ಒಣಹುಲ್ಲು ಮೇಯ್ದ ಆಕಳು ಸಂಜೆ ನಮ್ಮ ಮನೆಯನ್ನು ದಾಟಿ ಸೀದಾ ಅವರ ಗೋಡೆಯ ಮುಂದೆ ನಿಂತು ನೆಕ್ಕುತ್ತಿತ್ತು. ನಾಲಿಗೆ ಎಟುಕುವವರೆಗೆ ಗೋಡೆ ಮಣ್ಣಿನ ಬಣ್ಣ, ಅದರ ಮೇಲೆ ಬಿಳಿ.

ಉಳಿದ ದಿನಗಳಲ್ಲಿ ಸಾಬರು ನಕ್ಕು ಬಿಡುತ್ತಿದ್ದರು. ಆ ವಾರ ನಗಲಿಲ್ಲ. ಗುರುವಾರ ಅವರ ಮಗಳನ್ನು ನೋಡಲು ಕೊಟ್ಟೂರಿನವರು ಬರುವವರಿದ್ದರು.

"ಹುಡುಗನ ಅಪ್ಪ ಏನಂತಾನ್ರಿ ಮೇಷ್ಟ್ರೆ? ಗ್ವಾಡಿಗೆ ಪೈಜಾಮ ಹಾಕ್ಯಾರ ಅಂತಾನ!"

ಸೋಮವಾರ ಬಳಿದರು, ಸಂಜೆಗೆ ಆಕಳು ನೆಕ್ಕಿತು. ಸುಣ್ಣ ಗಟ್ಟಿಯಾಗಿ ಹಿಡಿಯಲಿ ಎಂದು ಎಲ್ಲರೂ ಅದಕ್ಕೆ ಒಂದು ಹಿಡಿ ಉಪ್ಪು ಹಾಕುತ್ತಾರೆ. ಈ ಸಲ ಎರಡು ಸೇರು ಹಾಕೋಣ ಎಂದರು ಸಾಬರು. ತಪ್ಪು ನಮ್ಮ ಆಕಳದು, ಹಾಗಾಗಿ ಉಪ್ಪನ್ನು ನಾನೇ ಹೊತ್ತು ತಂದೆ. ಮಂಗಳವಾರ ಬಳಿದರು. ಸಂಜೆ ನಮ್ಮ ಆಕಳು ತನ್ನ ಜೊತೆ ಇನ್ನೂ ನಾಲ್ಕನ್ನು ಕರೆದುಕೊಂಡು ಬಂತು. ಆರು ಎನ್ನುತ್ತಾರೆ ಸಾಬರು. ಅಂತೂ ಸಾಲಾಗಿ ನಿಂತಿದ್ದವು, ನಮ್ಮ ಶಾಲೆಯಲ್ಲಿ ಮಕ್ಕಳು ಎಂದೂ ಹಾಗೆ ನಿಂತಿದ್ದಿಲ್ಲ.

ನಾಚಿಕೆಯಲ್ಲಿ ಮಾತು ಕೊಟ್ಟುಬಿಟ್ಟೆ. "ಇನ್ನೊಂದ್ಸಲ ಅದು ನಿಮ್ಮ ಗ್ವಾಡಿ ನೆಕ್ಕಿದ್ರ, ಹಗರಿಬೊಮ್ಮನಹಳ್ಳಿ ಸಂತಿಗೆ ಹೊಡಕೊಂಡು ಹೋಗಿ ಮಾರಿಬಿಡ್ತೀನಿ."

ಹೆಂಡತಿ ನನ್ನ ಜೊತೆ ಮಾತು ಬಿಟ್ಟಳು. ಮರುದಿನ ಒಬ್ಬಳೇ ದನದ ದವಾಖಾನೆಗೆ ಹೋಗಿ ಡಾಕ್ಟರನ್ನು ಕರೆತಂದಳು.

ಡಾಕ್ಟರು ಆಕಳ ಬಾಯಿ ನೋಡಿದರು, ಕಣ್ಣು ನೋಡಿದರು. "ಗುಡ್ಡದ ಹುಲ್ಲು ಒಣಗಿದ ಮ್ಯಾಲೆ ಅದರಾಗ ಏನ್ ಉಳೀತೈತಿ? ಉಪ್ಪಿಲ್ಲ, ರಂಜಕ ಇಲ್ಲ, ಹಸಿರಿನಾಗಿನ ವಿಟಮಿನ್ನೂ ಇಲ್ಲ. ಪಾಪ, ತನಗ ಬೇಕಾದ್ದು ತಾನೇ ಹುಡುಕ್ಕೊಂಡೈತಿ. ಮನ್ಯಾಗ ಉಪ್ಪು ಕೊಡ್ತೀರಿಲ್ಲಮ್ಮ?"

"ಮೇಷ್ಟ್ರು ಬ್ಯಾಡ ಅಂದಾರ್ರಿ," ಎಂದಳು ಹೆಂಡತಿ, ಯಾವುದೋ ಊರಿನ ಮೇಷ್ಟ್ರ ಬಗ್ಗೆ ಹೇಳುವವಳಂತೆ.

"ಯಾಕ್ರಿ?"

"ಉಪ್ಪು ತಿಂದ್ರ ಹಾಲು ಬತ್ತತೈತಿ ಅಂತ..."

"ಯಾರ್ ಹೇಳಿದ್ರು?"

ಇಷ್ಟು ವರ್ಷವಾದರೂ ನನಗೆ ಉತ್ತರ ಸಿಕ್ಕಿಲ್ಲ. ಪಾಠದ ನಡುವೆ ನಾನೇ ಎಂದೋ ಮಕ್ಕಳಿಗೆ ಹೇಳಿ, ಆಮೇಲೆ ನಂಬಿರಬೇಕು.

ಡಾಕ್ಟರು ಉಗುರಿನಿಂದ ಗೋಡೆ ಕೆರೆದು ನಾಲಿಗೆಗೆ ಹಚ್ಚಿಕೊಂಡರು. "ನಮ್ಮ ದವಾಖಾನಿ ಪುಡಿಗಿಂತ ರುಚಿ ಮಾಡೀರಲ್ರಿ ಸಾಬ್ರೆ!"

"ಉಪ್ಪು ಮೇಷ್ಟ್ರದು," ಎಂದರು ಸಾಬರು.

ಬೂಸಾದಲ್ಲಿ ಖನಿಜದ ಪುಡಿ ಕಲಸಿ ತಿನ್ನಿಸಬೇಕು, ಗೋದಲಿಯ ಪಕ್ಕ ಉಪ್ಪಿನ ಗಡಿಗೆ ಇಡಬೇಕು, ಸುಣ್ಣಕ್ಕೆ ಮಾತ್ರ ಉಪ್ಪು ಹಾಕಬಾರದು ಎಂದಾಯಿತು. "ಒಂದ್ ದಿನಕ್ಕ ಚಟ ಹೋಗಂಗಿಲ್ಲ, ಮತ್ತ," ಎಂದು ಡಾಕ್ಟರು ಹೇಳಿಯೇ ಹೋದರು.

ಗುರುವಾರ ಬೆಳಿಗ್ಗೆ ಗೋಡೆಗೆ ಬರೀ ಸುಣ್ಣ ಬಳಿದರು. ಕೊಟ್ಟೂರಿನ ಬಸ್ಸು ತಡವಾಗಿ, ಬೀಗರಾಗುವವರು ಬಂದಾಗ ದನ ಮನೆಗೆ ಮರಳುವ ಹೊತ್ತು. ಹುಡುಗನ ಅಪ್ಪ ಹೊರಗಿನ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತು ಚಹಾ ಕುಡಿದರು. ಎದ್ದು ನಿಂತಾಗ ಗೋಡೆಯ ಸುಣ್ಣವೆಲ್ಲ ಅವರ ಕರಿ ಶೇರ್ವಾನಿಯ ಬೆನ್ನಿಗಿತ್ತು.

ಆಕಳು ಬಂತು. ಗೋಡೆಯನ್ನು ಮೂಸಿ ಮುಖ ತಿರುಗಿಸಿತು. ಆಮೇಲೆ ಬಸ್ಸಿನ ಬೆವರಿನಲ್ಲಿ ನೆಂದ ಆ ಬೆನ್ನನ್ನು ಸೊಂಟದಿಂದ ಕಾಲರಿನವರೆಗೆ ನಿಧಾನವಾಗಿ ನೆಕ್ಕಿತು. ಯಾರೋ ಸುಣ್ಣ ಒರೆಸುತ್ತಿದ್ದಾರೆ ಎಂದುಕೊಂಡ ಅವರು, "ಇರ್ಲಿ ಬಿಡ್ರಿ, ನಿಮಗ್ಯಾಕ ತೊಂದ್ರಿ," ಎಂದರು.

ಸಾಬರು ನನ್ನ ಮುಖ ನೋಡಿದರು. ನಾನು ಕಣ್ಣಿನಲ್ಲೇ ಹಗ್ಗ ಹುಡುಕತೊಡಗಿದೆ. ನಮ್ಮ ಬಾಗಿಲಿನಿಂದ ಹೆಂಡತಿ, ಎರಡು ದಿನದ ಮೇಲೆ ಮೊದಲ ಸಲ, ನನಗೆ ಅಂದಳು: "ಗ್ವಾಡಿ ನೆಕ್ಕಿಲ್ಲಲ್ರೀ!"

ಸಾಬರು ಗಂಭೀರವಾಗಿ ಯೋಚಿಸಿದರು. "ಇಲ್ಲ ತಂಗೀ. ಗ್ವಾಡಿ ಮುಟ್ಟಿಲ್ಲ. ನಾನ ಸಾಕ್ಷಿ."

ಅಷ್ಟರಲ್ಲಿ ಬೀಗರು ಹಿಂದೆ ತಿರುಗಿ ಆ ನಾಲಿಗೆಯನ್ನು ಕಂಡು ಕಟ್ಟೆಯ ಮೇಲೆ ಹಾರಿದ್ದರು. "ಯಾ ಅಲ್ಲಾ! ಹುಡುಗಿ ನೋಡಾಕ ಬಂದ್ರ ಆಕಳ ನನ್ನ ನೋಡಾಕ ಬಂದೈತಲ್ರಿ!" ಮೊದಲು ನಕ್ಕವಳು ಒಳಗಿದ್ದ ಹುಡುಗಿ. ಆ ನಗುವಿಗೇ ಸಂಬಂಧ ಕುದುರಿತು ಎಂದು ಬರೆಯಲು ಕೈ ತುರಿಸುತ್ತಿದೆ. ಆದರೆ ಅವರು ಚೌಕಾಸಿ ಮಾಡಿ ಒಪ್ಪಲು ಇನ್ನೂ ಎರಡು ಸಲ ಬಂದುಹೋದರು.

ಶೇರ್ವಾನಿಯೂ ಸುಳ್ಳಂತೆ. ಹೆಂಡತಿಯ ಪ್ರಕಾರ ಅದು ಬಿಳಿ ಜುಬ್ಬಾ. ಬಿಳಿಯ ಮೇಲೆ ಸುಣ್ಣ ಹೇಗೆ ಕಾಣಿಸಿತೇ ಎಂದರೆ, "ನಮಗೆಲ್ಲಿ ಕಾಣಿಸ್ತು? ಆಕಳಿಗೆ ಕಾಣಿಸ್ತು," ಎನ್ನುತ್ತಾಳೆ.

ಮುಂದಿನ ಸಂತೆಗೆ ನಾನು ಹೋದದ್ದು ಮಾತ್ರ ನಿಜ. ಆಕಳು ಮನೆಯಲ್ಲೇ ಇತ್ತು. ಉಪ್ಪಿನ ಚೀಲ ಹೊತ್ತು ಬಸ್ಸಿಳಿದು ಬರುವಾಗ ಸಾಬರು ಅಂಗಡಿಯಿಂದಲೇ ಕೂಗಿದರು:

"ಯಾರಿಗ್ರಿ ಮೇಷ್ಟ್ರೆ ಅದು? ಆಕಳಿಗೋ, ನನ್ನ ಗ್ವಾಡಿಗೋ?"