ಒಂದೇ ಕಲ್ಲಿನಲ್ಲಿ ಬಂದವರು

‘ಬೇರೆ ಗ್ರಹದ ಕಲ್ಲೊಂದರಲ್ಲಿ ಕೂತು ಬಂದವರು ನಾವೆಲ್ಲ’ ಎಂದು ರೋಣದ ಶಾಲೆಯಲ್ಲಿ ವಿಜ್ಞಾನದ ಮಾಸ್ತರರು ಹೇಳಿದ್ದರು. ಬಂದವರು ಎಂದಿದ್ದರೋ, ಬಂದಿರಬಹುದು ಎಂದಿದ್ದರೋ, ಈಗ ಖಚಿತವಿಲ್ಲ. ಅದು ನಿಜವೇ ಎಂಬುದೂ ಗೊತ್ತಿಲ್ಲ. ಇವತ್ತು ಟಿವಿಯಲ್ಲಿ ಮಂಗಳನ ಕೆಂಪು ನೆಲದ ಮೇಲೆ ಯಂತ್ರವೊಂದು ಜೀವದ ಗುರುತು ಹುಡುಕುವುದನ್ನು ಕಂಡಾಗ, ಆ ಮಾತಿನ ಜೊತೆ ಹಳೆಯ ಸಿಟ್ಟೂ ಎದ್ದು ಬಂತು.

ಗೆಳತಿ ಖಾತೂನಳ ಅಪ್ಪ ನಮ್ಮ ಮನೆಯ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಅಜ್ಜಿ ಅವುಗಳ ಮೇಲೆ ನೀರು ಚಿಮುಕಿಸಿ ಒಳಗೊಯ್ದು, ಅವುಗಳಲ್ಲೇ ಸಾರು ಕುದಿಸುತ್ತಿದ್ದಳು. ಆದರೆ ಖಾತೂನಳಿಗೆ ಬಾಯಾರಿದರೆ ಅವಳನ್ನು ಕಟ್ಟೆಯ ಕೆಳಗೆ ನಿಲ್ಲಿಸಿ, ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದಳು.

ಮಾಸ್ತರರ ಪಾಠ ಕೇಳಿದ ಸಂಜೆ, ಖಾತೂನಳಿಗೆ ಹಾಗೆ ನೀರು ಹೊಯ್ಯುತ್ತಿದ್ದ ಅಜ್ಜಿಯ ಕೈ ಹಿಡಿದು ನಾನು, “ಅಕೀಗೂ ತಂಬಿಗ್ಯಾಗ ಕೊಡು. ನಾವೆಲ್ಲಾ ಒಂದ ಕಲ್ಲಿನ್ಯಾಗ ಕುಂತು ಬಂದೀವಂತ” ಎಂದೆ.

“ಬಂದಿರಬೇಕವಾ,” ಅಜ್ಜಿ ನೀರು ಹೊಯ್ಯುತ್ತಲೇ ಅಂದಳು. “ಆದ್ರ ಅವ್ರು ಕಲ್ಲಿನ ಆ ತುದೀಗೆ ಕುಂತಿರ್ತಾರ.”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಅಪ್ಪನೂ ನಕ್ಕ. ಖಾತೂನಳೂ ನಕ್ಕಳು. ಕೈಯನ್ನು ಲಂಗಕ್ಕೆ ಒರೆಸಿಕೊಂಡು ಹೋದವಳು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಆ ನಗೆಯನ್ನು ಅಜ್ಜಿ ಸತ್ತ ಮೇಲೂ ನಾನು ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ.

ಇಷ್ಟು ಬರೆಯುವಾಗ ಗಜೇಂದ್ರಗಡದ ನನ್ನ ಮನೆಯ ಬಾಗಿಲಿಗೆ ಪಕ್ಕದ ಮನೆಯ ಸರೋಜಾ ಬಂದಳು. ಮಹಡಿಯ ಕೋಣೆಗಳನ್ನು ಬಾಡಿಗೆಗೆ ಕೊಡುವುದಿದೆ ಎಂದು ಅವಳಿಗೆ ಹೇಳಿದ್ದೆ.

“ಯಾರೋ ಗಂಡ ಹೆಂಡ್ತಿ ಬಂದಿದ್ರು ಅಕ್ಕಾರ, ಭಾಳ ಚಲೋ ಮಂದಿ. ಹೆಸರು ಕೇಳಿದ ಕೂಡ್ಲೆ ಮನಿ ಖಾಲಿ ಇಲ್ಲಂತ ಹೇಳಿ ಕಳಿಸ್ದೆ. ಇಲ್ಲ ಅನ್ನೂ ಕೆಲಸ ನಿಮಗ್ಯಾಕ್ರಿ?”