ಎಡಮೂಲೆಯ ಮಬ್ಬು

ಗಿರಿಜಕ್ಕ ಯಾವ ಫೋಟೊವನ್ನೂ ನಡುವಿನಿಂದ ನೋಡಿದವರಲ್ಲ. ಮದುವೆ ಆಲ್ಬಮ್ ಕೈಗೆ ಕೊಟ್ಟರೂ ಗಂಡು ಹೆಣ್ಣನ್ನು ಬಿಟ್ಟು ಮೊದಲು ನಾಲ್ಕು ಮೂಲೆ ನೋಡುತ್ತಿದ್ದರು. “ನಡುವೆ ಎಲ್ಲಾ ಲೆನ್ಸೂ ಚಲೋ ಕಾಣ್ತಾವೆ ತಮ್ಮಾ. ಬಂಡವಾಳ ಗೊತ್ತಾಗೋದು ಮೂಲೇಲಿ,” ಎನ್ನುತ್ತಿದ್ದರು.

ಹರಿಹರದಲ್ಲಿ ಚಿತ್ರಕಲಾ ಶಿಕ್ಷಕಿಯಾಗಿ ನಿವೃತ್ತರಾದ ಮೇಲೆ ಅವರು ಮನೆಯ ಹಿಂದಿನ ಬಚ್ಚಲನ್ನು ಡಾರ್ಕ್‌ರೂಮ್ ಮಾಡಿಕೊಂಡಿದ್ದರು. ಕಿಟಕಿಗೆ ಕಪ್ಪು ರಟ್ಟು. ನಡುವಿನ ಮೇಜಿನ ಮೇಲೆ ಎನ್‌ಲಾರ್ಜರ್, ಅಂದರೆ ನೆಗೆಟಿವ್‌ನ ಚಿತ್ರವನ್ನು ದೊಡ್ಡದು ಮಾಡಿ ಕೆಳಗಿನ ಕಾಗದಕ್ಕೆ ಬೀಳಿಸುವ ಯಂತ್ರ. ನಾನು ಭಾನುವಾರಗಳಲ್ಲಿ ದಾವಣಗೆರೆಯ ಸರಸ್ವತಿ ನಗರದಿಂದ ಹೋಗಿ ಅವರ ಹತ್ತಿರ ಕಪ್ಪು ಬಿಳುಪು ಪ್ರಿಂಟ್ ಕಲಿಯುತ್ತಿದ್ದೆ.

ಆ ಚಳಿಗಾಲ ಅವರ ಹಳೆಯ ಲೆನ್ಸಿಗೆ ಬೂಷ್ಟು ಹಿಡಿಯಿತು. ದಾವಣಗೆರೆಯಲ್ಲಿ ಮುಚ್ಚಿಹೋದ ಸ್ಟುಡಿಯೊ ಒಂದರಿಂದ ಮೂರು ಲೆನ್ಸ್ ತಂದುಕೊಟ್ಟೆ. ಪರೀಕ್ಷೆಗೆ ಅವರ ಬಳಿ ಒಂದೇ ನೆಗೆಟಿವ್: ಹಳೆಯ ಹತ್ತಿ ಗಿರಣಿಯ ಇಟ್ಟಿಗೆ ಗೋಡೆ. ಬಲಗಣ್ಣು ಮುಚ್ಚಿ, ಎಡಗಣ್ಣನ್ನು ನಡುವಿನ ಇಟ್ಟಿಗೆಯ ಮೇಲೆ ನಿಲ್ಲಿಸಿ, ನಾಲ್ಕೂ ಮೂಲೆಯ ಬೆಳಕನ್ನು ಒಮ್ಮೆಗೇ ಅಳೆಯುವುದು ಅವರ ಕ್ರಮ.

ಮೊದಲ ಲೆನ್ಸಿನಲ್ಲಿ ನಾಲ್ಕೂ ಮೂಲೆ ಕಪ್ಪಾದವು. “ಇದು ಸಣ್ಣ ಫಿಲ್ಮಿಂದು. ಕೂಸಿನ ಅಂಗಿ ದೊಡ್ಡೋರಿಗೆ ಹಾಕಿದಂಗೆ ಆತು,” ಎಂದು ಬದಿಗಿಟ್ಟರು. ಎರಡನೆಯದರಲ್ಲಿ ಎಡಗಡೆ ಕೆಳಮೂಲೆ ಮಾತ್ರ ಮಬ್ಬು ಎಂದರು. ನನಗೆ ಮಬ್ಬು ಕಾಣಲಿಲ್ಲ.

ಹೊರಗಿನಿಂದ ಅವರ ಗಂಡ ಬಸಣ್ಣ ಕೂಗಿದರು: “ಏನೇ, ಕನ್ಯಾ ನೋಡಾಕ ಹೋದೋರಂಗೆ ಬರೇ ಐಬು ಹುಡುಕ್ತೀಯಲ್ಲ!”

“ನಿಮ್ಮನ್ನ ಒಪ್ಪುವಾಗ ಮೂಲೆ ನೋಡ್ಲಿಲ್ರೀ. ಅವತ್ತಿಂದ ಹುಷಾರಾಗೀನಿ.”

ಮುಂದಿನ ಭಾನುವಾರ ಮಧ್ಯಾಹ್ನ ಮೂರನೆಯದನ್ನು ಹಾಕಿದೆವು. ಮೂರರಲ್ಲಿ ಅದೇ ಒಳ್ಳೆಯದು. ಅಕ್ಕ ಬಗ್ಗಿದರು, ಬಹಳ ಹೊತ್ತು ಏಳಲಿಲ್ಲ.

“ಇದರಾಗೂ ಅದೇ ಮೂಲೆ. ಮೊನ್ನೆಗಿಂತ ಜಾಸ್ತಿ ಐತೆ. ಲೆನ್ಸ್ ಅರ್ಧ ಸುತ್ತು ತಿರುಗಿಸು.”

ತಿರುಗಿಸಿದೆ. ತಪ್ಪು ಲೆನ್ಸಿನದಾದರೆ ಮಬ್ಬು ಎದುರು ಮೂಲೆಗೆ ಹೋಗಬೇಕಿತ್ತು.

“ಹೋಗ್ಲಿಲ್ಲ. ಹಂಗಾದ್ರೆ ಮಷೀನಿಂದೇ ಐಬು.” ಅವರು ಮೇಜು ಸುತ್ತಿ ಆಚೆ ಬದಿಗೆ ಹೋಗಿ ನಿಂತರು. ಅಲ್ಲಿಂದ ಚಿತ್ರ ತಲೆಕೆಳಗು. ಅವರ ಎಡಕ್ಕಿದ್ದ ಮೂಲೆ ಈಗ ಬಲಕ್ಕೆ. ಬಲಗಣ್ಣು ಮುಚ್ಚಿ ನೋಡಿದರು.

“ತಮ್ಮಾ, ಈಗ್ಲೂ ನನ್ನ ಎಡಕ್ಕೇ ಐತೆ.”

ಅವರು ಬಲಗಣ್ಣು ತೆರೆದು ಎಡಗಣ್ಣು ಮುಚ್ಚಿದರು. “ಹೋತು.” ಮತ್ತೆ ಬದಲಿಸಿದರು. “ಬಂತು.” ಆಮೇಲೆ ಮೆಲ್ಲಗೆ, “ಲೈಟ್ ಹಾಕು,” ಎಂದರು.

ದಾವಣಗೆರೆಯ ಕಣ್ಣಿನ ಆಸ್ಪತ್ರೆಗೆ ಆಟೊ ಹಿಡಿದೆವು. ದಾರಿಯುದ್ದಕ್ಕೂ ಅವರು ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಎದುರಿನ ಸೀಟನ್ನೇ ನೋಡುತ್ತಿದ್ದರು. “ಮಬ್ಬು ಡ್ರೈವರಣ್ಣನ ಕಾಲರ್ ತಂಕ ಬಂತು,” ಎಂದರು. ಬಾತಿ ಊರು ದಾಟಿದ ಮೇಲೆ, “ಈಗ ಅವನ ಕಿವಿ ಮುಚ್ಚಿತು.”

“ಸುಮ್ನೆ ಕಣ್ಮುಚ್ಚಿ ಕೂಡು ಮಾರಾಯ್ತಿ,” ಎಂದರು ಬಸಣ್ಣ.

“ನೋಡ್ತೀನಿ ತಡೀರಿ. ಡಾಕ್ಟ್ರು ಕೇಳಿದ್ರೆ ಹೇಳಬೇಕಲ್ಲ.”

ಕಣ್ಣಿನ ಹಿಂಪರದೆ ಕಳಚಿಕೊಂಡಿದೆ, ತಕ್ಷಣ ಆಪರೇಷನ್ ಆಗಬೇಕು ಎಂದರು ವೈದ್ಯರು. ಯಾವಾಗಿನಿಂದ ಹೀಗೆ ಎಂದು ಕೇಳಿದಾಗ ಅಕ್ಕ ಹೇಳಿದರು: “ಎರಡನೇ ಲೆನ್ಸಿನಿಂದ.” ವೈದ್ಯರು ನನ್ನ ಮುಖ ನೋಡಿದರು. ಹೋದ ಭಾನುವಾರದಿಂದ ಎಂದು ಅದರ ಅರ್ಥ ಹೇಳುವುದು ನನಗೆ ಬಹಳ ಕಷ್ಟವಾಯಿತು.

ಆಪರೇಷನ್ ಆದ ಮೇಲೆ, ಹಿಂಪರದೆ ಕೂಡಿಕೊಳ್ಳಲೆಂದು, ಹಲವು ದಿನ ಅವರು ಬೋರಲು ಮಲಗಿರಬೇಕಾಯಿತು. ನಾನು ನೆಲದ ಮೇಲೆ ಕೂತು, ಮಂಚದ ಅಂಚಿನಲ್ಲಿ ಇಳಿದಿದ್ದ ಅವರ ಮುಖದ ಜೊತೆ ಮಾತಾಡುತ್ತಿದ್ದೆ. ಅವರು ಲೆನ್ಸಿನ ಮಾತೆತ್ತಲಿಲ್ಲ.

ಕೊನೆಗೊಂದು ಬೆಳಿಗ್ಗೆ ವೈದ್ಯರು ಅವರ ಬಲಗಣ್ಣು ಮುಚ್ಚಿ, ಎಡಗಣ್ಣಿನ ಎದುರು ಬೆರಳು ಹಿಡಿದು, “ಏನು ಕಾಣಿಸುತ್ತೆ, ಟೀಚರ್?” ಎಂದರು. ಬಸಣ್ಣ ನೀರಿನ ಬಾಟಲಿ ಹಿಡಿದು ಗೋಡೆಗೊರಗಿ ನಿಂತಿದ್ದರು. ಅಕ್ಕ ಅವಸರ ಮಾಡಲಿಲ್ಲ.

“ಬೆಳಕು ಬರ್ತೈತೆ,” ಎಂದರು. “ಚಿತ್ರ ಬರ್ತಿಲ್ಲ.”

ಮುಂದಿನ ಮಳೆಗಾಲ ಮುಗಿಯುವ ಮೊದಲೇ ಅವರು ಹೃದಯಾಘಾತದಿಂದ ಹೋದರು. ಆ ಬಚ್ಚಲಿಗೆ ಅವರು ಮತ್ತೆ ಕಾಲಿಟ್ಟಿರಲಿಲ್ಲ. ಎನ್‌ಲಾರ್ಜರ್ ಈಗ ನನ್ನ ಮನೆಯಲ್ಲಿದೆ. ಒಂದು ಮೂಲೆ ಮಬ್ಬೆನಿಸಿದರೆ ನಾನು ಲೆನ್ಸ್ ಮುಟ್ಟುವುದಿಲ್ಲ. ಮೇಜಿನ ಆಚೆ ಬದಿಗೆ ಹೋಗಿ ನಿಲ್ಲುತ್ತೇನೆ. ತಪ್ಪು ಕಣ್ಣಿನದಲ್ಲ ಎಂದು ಖಚಿತವಾಗುವ ತನಕ ಉಸಿರು ಬಿಡುವುದಿಲ್ಲ.