ಅಪ್ಪನನ್ನು ಮರೆತ ಪ್ರಬೋಧನೆ

ಅರವತ್ತರ ದಶಕದಲ್ಲಿ ನಮ್ಮಕ್ಕ ಸನ್ಯಾಸಿನಿಯಾಗಲು ಮಂಗಳೂರಿನ ಕಾನ್ವೆಂಟಿಗೆ ಹೊರಟಳು. ಆ ಬೆಳಿಗ್ಗೆ ಸಾಗರದ ಇಗರ್ಜಿಯಲ್ಲಿ ಪಾದ್ರಿಗಳು ಮಾಡಿದ ಪ್ರಬೋಧನೆ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. "ಇಂಥ ಮಗಳನ್ನು ದೇವರಿಗೆ ಒಪ್ಪಿಸಿದ ತಾಯಿ ಧನ್ಯಳು" ಎಂದು ಅವರು ಮತ್ತೆ ಮತ್ತೆ ಹೇಳಿದರು. ಗಂಡಸರ ಸಾಲಿನಲ್ಲಿ ಕುಳಿತಿದ್ದ ಅಪ್ಪನ ಬಗ್ಗೆ ಒಂದು ಮಾತೂ ಹೇಳಲಿಲ್ಲ.

ಅಪ್ಪ ಲಿಂಗನಮಕ್ಕಿ ಅಣೆಕಟ್ಟಿನ ಕೆಲಸದಲ್ಲಿ ಕಲ್ಲು ಒಡೆಯುತ್ತಿದ್ದರು. ಎಷ್ಟೇ ದಣಿದು ಬಂದರೂ ಸಂಜೆ ಜಪಸರ ಹಿಡಿದು ನಮ್ಮನ್ನು ಪ್ರಾರ್ಥನೆಗೆ ಕೂರಿಸುತ್ತಿದ್ದರು. ನಮಗೆ ಜ್ವರ ಬಂದರೆ ಹಾಸಿಗೆಯ ಪಕ್ಕದಲ್ಲೇ ಜಪ ಮಾಡುತ್ತಿದ್ದರು. ಅಕ್ಕನಿಗೆ ದೇವರ ಮೇಲೆ ಪ್ರೀತಿ ಹುಟ್ಟಿದ್ದೇ ಅವರನ್ನು ನೋಡಿ.

ಪೂಜೆ ಮುಗಿದು ಹೊರಬಂದಾಗ ಅಮ್ಮನಿಗೇ ತಡೆಯಲಾಗಲಿಲ್ಲ. "ಫಾದರ್, ಜಪದ ಹೊತ್ತಿಗೆ ನಾನು ತೂಕಡಿಸ್ತಿದ್ದೆ. ಮಕ್ಕಳಿಗೆ ದೇವರನ್ನ ತೋರ್ಸಿದ್ದು ಇವ್ರು" ಎಂದರು.

ಪಾದ್ರಿಗಳು ನಕ್ಕರು. "ಗಂಡಸ್ರು ದುಡಿದು ಹಾಕಿದ್ರೆ ಸಾಕಮ್ಮ. ಭಕ್ತಿ ಎಲ್ಲ ಹೆಂಗಸರದ್ದೇ."

ಅಪ್ಪ ತಲೆ ತಗ್ಗಿಸಿದರು. ನನಗೆ ಸಿಟ್ಟಿಗೆ ಕಣ್ಣೀರೇ ಬಂತು. ಅಷ್ಟರಲ್ಲಿ ಅಕ್ಕ ಎಲ್ಲರೆದುರು ಅಪ್ಪನ ಮುಂದೆ ಮೊಣಕಾಲೂರಿದಳು. "ಅಪ್ಪಾ, ಆಶೀರ್ವಾದ ಮಾಡಿ. ಇಲ್ದಿದ್ರೆ ನಾನು ಬಸ್ಸು ಹತ್ತೋದಿಲ್ಲ" ಎಂದಳು. ಅಪ್ಪ ಹೆಬ್ಬೆರಳಿನಿಂದ ಅವಳ ಹಣೆಯ ಮೇಲೆ ಶಿಲುಬೆಯ ಗುರುತು ಎಳೆದರು. ಪಾದ್ರಿಗಳ ನಗು ನಿಂತಿತು.

ಬಸ್ಸು ಹೊರಟುಹೋದ ಮೇಲೂ ಪಾದ್ರಿಗಳು ಅಪ್ಪನ ಹತ್ತಿರ ಬಂದು ಒಂದು ಮಾತೂ ಆಡಲಿಲ್ಲ. ಅಮ್ಮ ಆ ದಿನ ಅವರಿಗೆ ಕೈಮುಗಿಯಲಿಲ್ಲ. ಅಪ್ಪನ ಕೈ ಹಿಡಿದು ಹೊರಟುಬಿಟ್ಟರು.